ತಿರುವಿ ನೋಡದೆ ಕೊಂಡ ಕಾರ್ಬನ್ ಸೈಕಲ್ಲು

ಎಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟೆ, ಅದೂ ಹಳೆಯದಕ್ಕೆ. ಕೇಳಿದವರು "ಸೈಕಲ್ಲಿಗಾ?" ಎನ್ನುತ್ತಾರೆ. ಹೌದು, ಸೈಕಲ್ಲಿಗೇ. ಹಿಂದೆ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ, ಒಂದು ಕಟ್ಟು ಸೊಪ್ಪು ಸಿಕ್ಕಿಸಲು ಕ್ಯಾರಿಯರ್ ಇಲ್ಲ, ನಿಲ್ಲಿಸಲು ಸ್ಟ್ಯಾಂಡ್ ಕೂಡ ಇಲ್ಲ. ಹೊಸದಾದರೆ ಎರಡು ಲಕ್ಷದ ಮೇಲಾಗುತ್ತದಂತೆ. ಮಾರುವವನು ತೊಂಬತ್ತೈದು ಹೇಳಿದ್ದ, ನಾನು ಹದಿನೇಳು ಸಾವಿರ ಇಳಿಸಿದೆ. ಆ ಹದಿನೇಳರಲ್ಲಿ ಮೊದಲ ಏಳನ್ನು ಇಳಿಸಿದ್ದು ನನ್ನ ಬಾಯಿ. ಉಳಿದ ಹತ್ತು ಯಾಕೆ ಇಳಿಯಿತು ಎಂದು ತಿಳಿಯುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಆ ಮೂರು ವಾರವೂ ನನ್ನ ಮಗಳು ಅದರ ಮೇಲೆ ಕೂತು ಇಳಿಜಾರಿನಲ್ಲಿ ಬಸ್ಸುಗಳನ್ನು ಹಿಂದೆ ಹಾಕುತ್ತಿದ್ದಳು.

ಕೊಂಡ ಕಾರಣ ಅವಳೇ. ಡಿಗ್ರಿ ಎರಡನೆಯ ವರ್ಷದಲ್ಲಿದ್ದಳು. ಕಾಲೇಜಿನ ಸೈಕಲ್ ತಂಡದಲ್ಲಿ ಅಲ್ಯುಮಿನಿಯಂ ಫ್ರೇಮಿನ ಸೈಕಲ್ ಓಡಿಸಿಕೊಂಡು ಹುಡುಗರ ಮುಖದಲ್ಲಿ ಬೆವರಿಳಿಸುತ್ತಿದ್ದಳು. ಆರು ವಾರಕ್ಕೆ ರಾಜ್ಯ ತಂಡದ ಆಯ್ಕೆ ಇತ್ತು, ಮಾಗಡಿ ದಾಟಿದ ಮೇಲಿನ ಏರಿಳಿತದ ರಸ್ತೆಯಲ್ಲಿ. ಅವಳ ಕೋಚ್ ಫೋನ್ ಮಾಡಿ, "ಏರಿನಲ್ಲಿ ಎರಡು ಕೆಜಿ ಕಮ್ಮಿ ಆದ್ರೆ ನಿಮ್ಮ ಮಗಳು ಪಕ್ಕಾ ಮೇಡಮ್" ಎಂದರು. ಎರಡು ಕೆಜಿ ಕಮ್ಮಿ ಮಾಡಲು ಎಪ್ಪತ್ತೆಂಟು ಸಾವಿರ. ಅಕ್ಕಿ ಅಂಗಡಿಯವನು ತೂಕದಲ್ಲಿ ಕಮ್ಮಿ ಮಾಡಿದರೆ ಜಗಳಕ್ಕೆ ನಿಲ್ಲುವವಳು ನಾನು, ಇಲ್ಲಿ ಕಮ್ಮಿ ತೂಕಕ್ಕೇ ದುಡ್ಡು ಕೊಡಲು ಹೊರಟಿದ್ದೆ.

ನನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು. ಹದಿನೇಳನೆಯ ವಯಸ್ಸಿಗೆ ಬಿನ್ನಿಪೇಟೆ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಟೈಲರ್, ಅಲ್ಲಿಂದ ಚೆಕ್ಕರ್. ಚೆಕ್ಕರ್ ಎಂದರೆ ತಯಾರಾದ ಶರ್ಟನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆ ನೋಡುವವಳು. ಈಗ ಕಾಮಾಕ್ಷಿಪಾಳ್ಯದಲ್ಲಿ ನನ್ನದೇ ಹನ್ನೆರಡು ಮಷೀನುಗಳ ಯೂನಿಟ್ ಇದೆ, ಸ್ಕೂಲ್ ಯೂನಿಫಾರಂ ಹೊಲಿಯುತ್ತೇವೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲ ದಿನ ನಾನು ಹೇಳುವುದು ಒಂದೇ ಮಾತು: ಮುಖ ನೋಡುವುದಕ್ಕೆ ಗಿರಾಕಿ ಇದ್ದಾರೆ, ನೀವು ತಿರುವಿ ನೋಡಿ. ಮದುವೆ ಮನೆಯಲ್ಲೂ ಪಕ್ಕದಲ್ಲಿ ಕೂತವರ ರವಿಕೆಯ ಅಂಚನ್ನು ಎರಡು ಬೆರಳಲ್ಲಿ ತಿರುವಿ ನೋಡುವ ಚಾಳಿ ನನಗಿದೆ. ಬೈಸಿಕೊಂಡಿದ್ದೇನೆ, ಬಿಟ್ಟಿಲ್ಲ.

ಸೈಕಲ್ಲು ಕೊಳ್ಳುವ ಮೊದಲು ತಿಳಿದವರನ್ನು ಕೇಳಬೇಕಲ್ಲ. ರಾಜಾಜಿನಗರದ ಒಂದು ಹೋಟೆಲಿನ ಮುಂದೆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ, ತಿಳಿದವರು ಗುಂಪಾಗಿ ಸಿಗುತ್ತಾರೆ. ಮೈಗಂಟಿದ ಬಣ್ಣದ ಬಟ್ಟೆ, ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಖಾಲಿ ದೋಸೆ. ಒಬ್ಬರು ತಮ್ಮ ಸೀಟಿನ ಕಂಬ ಬದಲಿಸಿ ಎಂಬತ್ತು ಗ್ರಾಂ ಇಳಿಸಿದ ಕಥೆ ಹೇಳುತ್ತಿದ್ದರು. ಅವರ ಹೊಟ್ಟೆಯನ್ನು ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು. ಕಾರ್ಬನ್ ಫ್ರೇಮು ಗಟ್ಟಿಯಾ ಎಂದು ಕೇಳಿದ್ದಕ್ಕೆ ಒಬ್ಬರು "ಕಬ್ಬಿಣಕ್ಕಿಂತ ಹತ್ತು ಪಟ್ಟು ಗಟ್ಟಿ" ಎಂದರು. ಅವರ ಪಕ್ಕದಲ್ಲಿದ್ದವರು "ಗಾಜು ಇದ್ದ ಹಾಗೆ ಮೇಡಮ್, ಒಂದು ಸಲ ಬಿದ್ರೆ ಮುಗೀತು" ಎಂದರು. ಹಾಗಂದ ಇಬ್ಬರೂ ಕೂತು ಬಂದಿದ್ದು ಕಾರ್ಬನ್ ಸೈಕಲ್ಲಿನ ಮೇಲೆಯೇ. ಹತ್ತು ಪಟ್ಟು ಯಾವುದಕ್ಕೆ, ಎಳೆದರಾ, ಬಗ್ಗಿಸಿದರಾ, ಕುಟ್ಟಿದರಾ ಎಂದು ಕೇಳಿದೆ. ಇಬ್ಬರೂ ಕಾಫಿಗೆ ಹೇಳಿದರು.

ಅದು ಏನು ಎಂದು ನನಗೆ ಗೊತ್ತಾಗಿದ್ದು ಮಗಳ ಫೋನಿನಲ್ಲಿ ಫ್ರೇಮ್ ಮಾಡುವ ಕಾರ್ಖಾನೆಯ ವಿಡಿಯೋ ನೋಡಿದಾಗ. ಹೆಂಗಸರು ಸಾಲಾಗಿ ಟೇಬಲ್ಲಿನ ಮುಂದೆ ನಿಂತಿದ್ದಾರೆ. ಕಪ್ಪು ಬಟ್ಟೆಯ ಥಾನು, ಅದರಿಂದ ಕತ್ತರಿಸಿದ ತುಂಡುಗಳು, ಪ್ರತಿ ತುಂಡಿಗೂ ನಂಬರು. ಒಂದು ಪದರ ಉದ್ದಕ್ಕೆ, ಅದರ ಮೇಲೆ ಒಂದು ಓರೆಗೆ, ಇನ್ನೊಂದು ಎದುರು ಓರೆಗೆ. ಅಂಟಿನಲ್ಲಿ ನೆನೆದ ಆ ಪದರಗಳನ್ನು ಅಚ್ಚಿನಲ್ಲಿಟ್ಟು ಬೇಯಿಸುತ್ತಾರೆ.

"ಇದು ನಮ್ಮ ಕಟಿಂಗ್ ಟೇಬಲ್ ಕಣೇ" ಎಂದೆ.

"ಅಮ್ಮ, ಇದು ಹೈ ಟೆಕ್ನಾಲಜಿ."

"ಏನಾದ್ರೂ ಇರ್ಲಿ. ಬಟ್ಟೆ, ಅಂಟು, ಬಿಸಿ. ಶರ್ಟಿನ ಕಾಲರ್ ಒಳಗೆ ಕ್ಯಾನ್ವಾಸ್ ಅಂಟಿಸ್ತೀವಲ್ಲ, ಅದೇ."

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಬಟ್ಟೆಯನ್ನು ದಾರದ ಉದ್ದಕ್ಕೆ ಎಳೆಯಿರಿ, ಹರಿಯುವುದಿಲ್ಲ. ಓರೆಗೆ ಎಳೆದರೆ ಜಗ್ಗುತ್ತದೆ. ಅಂಚಿನಲ್ಲಿ ಒಂದು ಕತ್ತರಿ ಹಾಕಿ ಎಳೆದರೆ ಪರ್ ಎನ್ನುತ್ತದೆ. ಅದಕ್ಕೇ ಅವರು ಪದರಗಳನ್ನು ದಿಕ್ಕು ಬದಲಿಸಿ ಇಡುವುದು. ಕಾಲರಿನ ಅಂಟು ಸರಿಯಾಗಿ ಹಿಡಿಯದಿದ್ದರೆ ಎರಡು ಒಗೆತಕ್ಕೆ ಗುಳ್ಳೆ ಏಳುತ್ತದೆ, ಫ್ರೇಮಿನಲ್ಲೂ ಪದರ ಬಿಟ್ಟರೆ ಹಾಗೆಯೇ ಟೊಳ್ಳಾಗುತ್ತದೆ. ಇಷ್ಟೆಲ್ಲ ತಿಳಿದ ಮೇಲೆ ನನಗೆ ಧೈರ್ಯ ಬಂತು. ಕಬ್ಬಿಣವಾದರೆ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ, ಅವನಿಗೆ ಲೇತ್ ಶಾಪ್ ಇದೆ. ಬಟ್ಟೆಗೆ ನಾನೇ ಸಾಕು ಎಂದುಕೊಂಡೆ. ಕೆಟ್ಟದ್ದು ಅಲ್ಲಿಯೇ.

ಮಾರುವವನ ಮನೆ ಬಸವೇಶ್ವರನಗರದಲ್ಲಿ, ಮೂರನೆಯ ಮಹಡಿ. ಮೂವತ್ತು ಮೂವತ್ತೈದರ ವಯಸ್ಸು. ನಡುಮನೆಯ ಗೋಡೆಗೆ ಎರಡು ಕೊಕ್ಕೆ ಹೊಡೆದು, ಬೇಟೆಯಾಡಿದ ಜಿಂಕೆಯ ತಲೆಯನ್ನು ತೂಗುಹಾಕಿದ ಹಾಗೆ ಸೈಕಲ್ಲನ್ನು ತೂಗುಹಾಕಿದ್ದ. ಬಣ್ಣ ಬಳಿದಿರಲಿಲ್ಲ, ಬರೀ ವಾರ್ನಿಷು. ಒಳಗಿನ ಕಪ್ಪು ನೇಯ್ಗೆ ಚೌಕ ಚೌಕವಾಗಿ ಹೊಳೆಯುತ್ತಿತ್ತು. ಎಂಥ ಚೆಕ್ಸ್ ಅದು, ನೋಡಿದ ಕೂಡಲೇ ನನ್ನ ಬೆರಳು ಮುಂದೆ ಹೋಯಿತು.

"ಫುಲ್ ಕಾರ್ಬನ್ ಆಂಟಿ. ಏರೋಪ್ಲೇನ್ ಮಾಡೋದೂ ಇದರಲ್ಲೇ" ಎಂದ.

"ಏರೋಪ್ಲೇನಿಗೆ ದಿನಾ ಚೆಕ್ ಮಾಡೋಕೆ ಜನ ಇರ್ತಾರಪ್ಪ. ನಿಮ್ಮನೇಲಿ ಯಾರಿದ್ದಾರೆ?"

ನಕ್ಕ. ಮಗಳು ಹಿಂದಿನಿಂದ ನನ್ನ ಸೆರಗು ಎಳೆದಳು.

"ಬಿದ್ದಿದೆಯಾ?" ಎಂದು ಕೇಳಿದೆ.

"ಇಲ್ಲ ಆಂಟಿ. ಒಂದ್ಸಲ ಕೆಳಗೆ ಪಾರ್ಕಿಂಗಲ್ಲಿ ನಿಂತಲ್ಲೇ ವಾಲ್ಕೊಂಡಿತ್ತು, ಅಷ್ಟೇ."

ಮಾತಿಗೆ ಮಾತು ಬೆಳೆದು ತೊಂಬತ್ತೈದು ಎಂಬತ್ತೆಂಟಕ್ಕೆ ಬಂತು. ಅಲ್ಲಿ ಅವನು ಕಾಲೂರಿದ. ನಾನು ಫ್ರೇಮನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಟ್ಟೆ ನೋಡುವಂತೆ ಅಂಗುಲ ಅಂಗುಲ ನೋಡಿದೆ. ಪೈಪು ಪೈಪು ಕೂಡುವಲ್ಲಿ ಚೌಕಗಳು ಸ್ವಲ್ಪ ಸ್ವಲ್ಪ ಓರೆಯಾಗಿದ್ದವು. ಕೆಳಗಿನ ದಪ್ಪ ಪೈಪಿನಲ್ಲಿ, ಹ್ಯಾಂಡಲ್ಲಿನ ಬುಡದಿಂದ ಒಂದು ಗೇಣು ಕೆಳಗೆ, ಒಂದು ಜಾಗದಲ್ಲಿ ಮಾತ್ರ ಚೌಕಕ್ಕೆ ಚೌಕ ಕೂಡಿಕೊಂಡು ಗೆರೆ ಎಳೆದ ಹಾಗಿತ್ತು. ಶರ್ಟಿನ ಜೇಬನ್ನು ಎದೆಯ ಚೆಕ್ಸಿಗೆ ಕೂಡಿಸಿ ಹೊಲಿಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ, ಯಾರೋ ಒಳ್ಳೇ ಕೈ" ಎಂದು ಮಗಳಿಗೆ ತೋರಿಸಿದೆ.

ಅವನು ನನ್ನ ಬೆರಳನ್ನು ನೋಡಿದ. ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಹೋಗ್ಲಿ ಆಂಟಿ, ಓದೋ ಹುಡುಗಿ, ಎಪ್ಪತ್ತೆಂಟು ಮಾಡ್ಕೊಳಿ" ಎಂದ.

ಒಂದೇ ಏಟಿಗೆ ಹತ್ತು ಸಾವಿರ. ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಂದು ಕೈಯಲ್ಲಿ ಸೈಕಲ್ಲು ಎತ್ತಿಕೊಂಡು ಇಳಿದೆ, ಅಷ್ಟು ಹಗುರ. ನನ್ನ ಬಾಯಿಗೆ ಹೆದರಿ ಬೆಲೆ ಇಳಿಸಿದ ಎಂದುಕೊಂಡೆ. ಅವನು ಹೆದರಿದ್ದು ನನ್ನ ಬೆರಳಿಗೆ. ನಮ್ಮ ಯೂನಿಟ್ಟಿನಲ್ಲಿ ಒಂದೇ ಶರ್ಟಿನಲ್ಲಿ ಒಂದು ಜೇಬು ಮಾತ್ರ ಬೇರೆಲ್ಲ ಹೊಲಿಗೆಗಿಂತ ಚೆನ್ನಾಗಿದ್ದರೆ ನಾನು ಮೊದಲು ಕೇಳುವುದು "ಇದನ್ನು ಬಿಚ್ಚಿ ಮತ್ತೆ ಹೊಲಿದವರು ಯಾರು" ಎಂದು. ಆ ದಿನ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಬಟ್ಟೆ ತಿರುವಿ ನೋಡಿದವಳು, ತಿರುವಲಾಗದ ವಸ್ತು ಕೈಗೆ ಬಂದ ಕೂಡಲೇ ಗಿರಾಕಿಯಂತೆ ಮುಖ ನೋಡಿ ಮರುಳಾದೆ.

ಎರಡು ವಾರ ಮಗಳು ನೆಲ ಮುಟ್ಟದೆ ಓಡಾಡಿದಳು. ವಿಜಯನಗರದ ನಮ್ಮ ಮನೆಯಿಂದ ಬೆಳಿಗ್ಗೆ ಐದೂವರೆಗೆ ಹೊರಟು ಕೆಂಗೇರಿ ದಾಟಿ ಹೋಗಿ ಬರುವಳು. ಮೂರನೆಯ ವಾರ ಬಂದು, "ಅಮ್ಮ, ಎದ್ದು ನಿಂತು ತುಳಿದ್ರೆ ಕಿರ್ ಅನ್ನುತ್ತೆ" ಎಂದಳು.

ಒಂದು ಸೈಕಲ್ ಅಂಗಡಿಯವನು ಪೆಡಲಿನ ಅಚ್ಚಿಗೆ ಗ್ರೀಸ್ ಹಾಕಿದ. ಕಿರ್ ನಿಲ್ಲಲಿಲ್ಲ. ಇನ್ನೊಬ್ಬನು ಬೇರಿಂಗ್ ಬದಲಿಸಿದ. ಕಿರ್ ಅಲ್ಲೇ ಇತ್ತು. ಇಬ್ಬರೂ ಫ್ರೇಮಿನ ಕಡೆ ಕಣ್ಣು ಹಾಯಿಸಲಿಲ್ಲ. "ಕಾರ್ಬನ್ ಅಂದ್ರೆ ಸ್ವಲ್ಪ ಸೌಂಡ್ ಇರುತ್ತೆ ಮೇಡಮ್" ಎಂದು ಎರಡನೆಯವನು ಸಮಾಧಾನ ಹೇಳಿದ. ತನಗೆ ಗೊತ್ತಿಲ್ಲದ್ದನ್ನೆಲ್ಲ ವಸ್ತುವಿನ ಗುಣ ಮಾಡಿಬಿಡುವ ಮೆಕ್ಯಾನಿಕ್ಕುಗಳು ನಮ್ಮೂರಲ್ಲಿ ಗಲ್ಲಿಗೊಬ್ಬರು.

ಆಮೇಲೆ ತಮ್ಮನ ಲೇತ್ ಶಾಪಿಗೆ ಹೋದೆವು. ಅವನಿಗೆ ಕಬ್ಬಿಣ ಬಿಟ್ಟರೆ ಲೋಕದಲ್ಲಿ ಬೇರೆ ವಸ್ತುವಿಲ್ಲ.

"ಪ್ಲಾಸ್ಟಿಕ್ ಕಣಕ್ಕ ಇದು. ಎಪ್ಪತ್ತೆಂಟು ಸಾವಿರಕ್ಕೆ ಬಕೆಟ್ ತಂದಿದ್ದೀಯ" ಎಂದು ಶುರುಮಾಡಿದ. "ಕಬ್ಬಿಣ ಆಗಿದ್ರೆ ವೆಲ್ಡಿಂಗಲ್ಲಿ ಎರಡು ಟಾಕ ಹೊಡೆದು ಕೊಡ್ತಿದ್ದೆ. ಇರು, ವೈಸಲ್ಲಿ ಹಿಡಿದು ನೋಡೋಣ."

ಅವನು ಫ್ರೇಮಿನ ಪೈಪನ್ನು ವೈಸಿನ ಎರಡು ದವಡೆಗಳ ನಡುವೆ ಇಟ್ಟು ಹಿಡಿಕೆ ತಿರುಗಿಸಲು ಹೊರಟ. ಮಗಳು ಅವನ ಕೈ ಹಿಡಿದಳು. "ಮಾವ, ಬೇಡ. ಹಾಗೆ ಪಕ್ಕದಿಂದ ಅಮುಕಿದ್ರೆ ಮೊಟ್ಟೆ ಥರ ಒಡೆಯುತ್ತೆ."

"ನೋಡಕ್ಕ, ವೈಸಲ್ಲಿ ಹಿಡಿಯೋಕಾಗಲ್ಲ ಅಂದ್ರೆ ಅದೆಂಥಾ ವಸ್ತು?"

"ನಿನ್ನ ತಲೇನೂ ವೈಸಲ್ಲಿ ಹಿಡಿಯೋಕಾಗಲ್ಲ, ಇಟ್ಕೊಂಡಿಲ್ವಾ?" ಎಂದೆ. ಅವನ ಶಾಪಿನವರೆಲ್ಲ ನಕ್ಕರು. ಆದರೆ ಕಿರ್ ಎಲ್ಲಿಂದ ಎಂದು ಅಲ್ಲೂ ಗೊತ್ತಾಗಲಿಲ್ಲ.

ಗೊತ್ತು ಮಾಡಿದವಳು ಮಗಳೇ. ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಮಲಗಿಸಿಕೊಂಡು ಒಂದು ರೂಪಾಯಿ ನಾಣ್ಯದ ಅಂಚಿನಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಬಂದಳು. ನಾನು ಒಳಗೆ ಚಟ್ನಿಗೆ ತೆಂಗಿನಕಾಯಿ ಒಡೆಯುತ್ತಿದ್ದೆ. ಟಕ್ ಟಕ್ ಟಕ್ ಟಕ್ ಎಂದು ಕೇಳುತ್ತಿದ್ದ ಸದ್ದು ನಡುವೆ ಒಂದು ಕಡೆ ಡಬ್ ಎಂದಿತು. ಮತ್ತೆ ಟಕ್ ಟಕ್. ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಹೊರಗೆ ಬಂದೆ.

"ಇನ್ನೊಂದ್ಸಲ ಹೊಡಿ."

ಡಬ್ ಎಂದಿತು. ಕೆಳಗಿನ ದಪ್ಪ ಪೈಪು, ಹ್ಯಾಂಡಲ್ಲಿನ ಬುಡದಿಂದ ಒಂದು ಗೇಣು ಕೆಳಗೆ. ಚೌಕಕ್ಕೆ ಚೌಕ ಕೂಡಿದ್ದ ಜಾಗ. ನಾನು ಹೊಗಳಿದ ಜಾಗ. ನಾಲ್ಕು ಬೆರಳಿನಷ್ಟು ಅಗಲ ಅಲ್ಲಿ ಮಾತ್ರ ಸದ್ದು ಸತ್ತಿತ್ತು. ಬಸವೇಶ್ವರನಗರದ ಆ ನಡುಮನೆ, ಅವನು ಸುಮ್ಮನಾದ ಆ ಒಂದು ಕ್ಷಣ, ಆ ಹತ್ತು ಸಾವಿರ, ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ಕೂತವು.

ನಮ್ಮ ಯೂನಿಟ್ಟಿನ ಹಿಂದಿನ ಗಲ್ಲಿಯಲ್ಲಿ ಫೈಬರ್ ಕೆಲಸ ಮಾಡುವವರೊಬ್ಬರಿದ್ದಾರೆ. ಬಟ್ಟೆ ಅಂಗಡಿಗಳ ಮುಂದೆ ಸೀರೆ ಉಟ್ಟು ನಿಂತಿರುತ್ತವಲ್ಲ, ಆ ಗೊಂಬೆಗಳನ್ನು ಮಾಡುತ್ತಾರೆ. ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಅಚ್ಚಿಗೆ ಹಾಸುವ ಕೆಲಸ, ನಲವತ್ತು ವರ್ಷದ ಅನುಭವ. ಮಾತು ಕಮ್ಮಿ, ಕೆಮ್ಮು ಜಾಸ್ತಿ. ಸೋಮವಾರ ಮಧ್ಯಾಹ್ನ ಮಗಳ ಜೊತೆ ಹೋಗಿ, ಚಕ್ರ ಬಿಚ್ಚಿ ಫ್ರೇಮನ್ನು ಅವರ ಮುಂದಿಟ್ಟೆ. ಅವರು ನಾಣ್ಯ ಕೇಳಲಿಲ್ಲ, ಉಗುರಿನಲ್ಲೇ ಬಡಿದು ಆ ಜಾಗ ಹಿಡಿದರು.

"ಇಲ್ಲಿ ಉಜ್ಜಲಾ ಅಮ್ಮ? ಪಾಲಿಶ್ ಹೋಗುತ್ತೆ."

"ಉಜ್ಜಿ ಅಣ್ಣ."

ನೀರು ಚಿಮುಕಿಸಿ ಮರಳು ಕಾಗದದಲ್ಲಿ ಉಜ್ಜಿದರು. ಮೊದಲು ವಾರ್ನಿಷು ಹೋಯಿತು. ಆಮೇಲೆ ಆ ಚೆಂದದ ಚೌಕಗಳು ಹೋದವು. ಒಂದೇ ಒಂದು ಪದರ, ಕಾಗದದಷ್ಟು ತೆಳು. ಅದರ ಕೆಳಗೆ ಕಪ್ಪು ನೂಲಿರಲಿಲ್ಲ. ಬೂದು ಬಣ್ಣದ ಪುಟ್ಟಿ ಇತ್ತು, ಕಾರಿನ ಡೆಂಟಿಂಗಿನವರು ಮೆತ್ತುತ್ತಾರಲ್ಲ, ಅದೇ. ಪುಟ್ಟಿಯ ಅಂಚಿನಿಂದ ಕೂದಲೆಳೆಯಂಥ ಒಂದು ಬಿರುಕು ಹ್ಯಾಂಡಲ್ಲಿನ ಬುಡದ ಕಡೆಗೆ ಹೊರಟಿತ್ತು.

"ಬಿದ್ದು ಮುರಿದಿದೆ. ಮೇಲೆ ಶೋಗೆ ಒಂದು ಬಟ್ಟೆ ಸುತ್ತಿದ್ದಾರೆ" ಎಂದರು.

"ರಿಪೇರಿ ಆಗಲ್ವಾ ಅಣ್ಣ?"

"ಯಾಕಾಗಲ್ಲ? ಮುರಿದಿದ್ದನ್ನೆಲ್ಲ ತೆಗೀಬೇಕು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಉಜ್ಜಬೇಕು, ಮೊದಲು ಯಾವ ಪದರ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹಾಸ್ಕೊಂಡು ಬರಬೇಕು. ಹಾಗೆ ಮಾಡಿದ್ರೆ ಹೊಸದಷ್ಟೇ ಗಟ್ಟಿ."

ನಮ್ಮಲ್ಲಿ ರಫೂ ಎನ್ನುತ್ತಾರೆ, ಹರಿದಲ್ಲಿ ಎಳೆಗೆ ಎಳೆ ಸೇರಿಸಿ ನೇಯುವುದು. ಇಲ್ಲಿ ಮಾಡಿದ್ದು ರಫೂ ಅಲ್ಲ, ಹರಿದ ಅಂಗಿಯ ಮೇಲೆ ಸ್ಟಿಕ್ಕರ್ ಅಂಟಿಸಿದ್ದು.

"ಹಾಗಾದ್ರೆ ನೀವೇ ಮಾಡಿಕೊಡಿ" ಎಂದೆ.

ಅವರು ಮೂಲೆಯಲ್ಲಿ ನಿಂತಿದ್ದ ತಲೆಯಿಲ್ಲದ ಗೊಂಬೆಗಳನ್ನು ತೋರಿಸಿದರು. "ಇವು ಬಿದ್ರೆ ಎತ್ತಿ ನಿಲ್ಲಿಸ್ತೀನಿ. ಇದರ ಮೇಲೆ ನಿಮ್ಮ ಮಗು ಕೂರುತ್ತೆ. ನಾನು ಮುಟ್ಟಲ್ಲ. ಕಲಿತು ಮಾಡೋರ ಹತ್ತಿರ ಕೊಡಿ. ಅವರೂ ಇದನ್ನ ತಗೊಳ್ಳೋದು ಡೌಟು, ಬಿರುಕು ಬುಡಕ್ಕೆ ಹೋಗ್ಬಿಟ್ಟಿದೆ."

ತನಗೆ ಬಾರದ ಕೆಲಸವನ್ನು ಬಾರದು ಎಂದವರು ಈ ಇಡೀ ವ್ಯವಹಾರದಲ್ಲಿ ಅವರೊಬ್ಬರೇ.

ಮಗಳು ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಮೂರು ವಾರ ಏನೂ ಆಗಿಲ್ವಲ್ಲ ಅಮ್ಮ. ಇನ್ನು ಮೂರು ವಾರ. ಒಂದೇ ಒಂದು ರೇಸು. ಇಳಿಜಾರಲ್ಲಿ ನಿಧಾನಕ್ಕೆ ಬರ್ತೀನಿ."

"ನೀನು ಇಳಿಜಾರಲ್ಲಿ ನಿಧಾನಕ್ಕೆ ಬರ್ತೀಯಾ?"

ಬಚ್ಚಿಡದೆ ಹೇಳಬೇಕೆಂದರೆ ಒಂದು ನಿಮಿಷ ನಾನೂ ಅದೇ ಲೆಕ್ಕಕ್ಕೆ ಕೂತಿದ್ದೆ. ಇಷ್ಟು ದಿನ ತಡೆದಿದೆ, ಇನ್ನಷ್ಟು ದಿನ ತಡೆಯಬಹುದು, ರೇಸು ಮುಗಿದ ಮೇಲೆ ನೋಡೋಣ. ಇನ್ನೂ ಕೆಟ್ಟ ಯೋಚನೆಯೂ ಬಂತು: ಮತ್ತೆ ಮೇಲೆ ಬಟ್ಟೆ ಸುತ್ತಿಸಿ, ವಾರ್ನಿಷ್ ಹೊಡೆಸಿ, ಎಂಬತ್ತಕ್ಕೆ ಮಾರಿದರೆ ಹೇಗೆ? ಮಾರಬಲ್ಲೆ, ನನ್ನ ಬಾಯಿಗೆ ಆ ಶಕ್ತಿ ಇದೆ. ಆಗ ನನಗೂ ಬಸವೇಶ್ವರನಗರದವನಿಗೂ ಇರುವ ವ್ಯತ್ಯಾಸ ಒಂದು ಮಹಡಿಯಷ್ಟು ಮಾತ್ರ, ಅವನ ಮನೆ ಮೂರನೆಯದು, ನನ್ನದು ಎರಡನೆಯದು.

"ಗರಗಸ ಇದೆಯಾ ಅಣ್ಣ?" ಎಂದು ಕೇಳಿದೆ.

ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ನಮಗೂ ಕಟ್ಟಿಕೊಳ್ಳಲು ಹೇಳಿದರು, ಆ ಕಪ್ಪು ಪುಡಿ ಎದೆಗೆ ಹೋಗಬಾರದಂತೆ. ಮಗಳು ಎದ್ದು ಗಲ್ಲಿಗೆ ಹೋಗಿ ಬೆನ್ನು ಹಾಕಿ ನಿಂತಳು. ಪುಟ್ಟಿ ಇದ್ದ ಜಾಗದಲ್ಲಿ ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಪೈಪು ಬಾಯಿ ಬಿಟ್ಟಿತು. ಒಳಗೆ ಮುರಿದ ನೂಲುಗಳು ಹಳೆಯ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ಪುಟ್ಟಿ ಒಳಗೆ ಬೀಳದಿರಲೆಂದು ಯಾರೋ ಒಂದು ತುಂಡು ಥರ್ಮಾಕೋಲ್ ತುರುಕಿದ್ದರು. ಮೂರು ವಾರ ನನ್ನ ಮಗಳನ್ನು ಹೊತ್ತಿದ್ದು ಅದು.

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟರೆ ತಿನ್ನುವಳು, ಕರೆದರೆ ತಿರುಗುವಳು, ಅಷ್ಟೇ.

ಉಳಿದ ತುಂಡುಗಳನ್ನು ತಮ್ಮನ ಶಾಪಿನಲ್ಲಿ ಎಸೆದೆ. "ಹೇಳಿರಲಿಲ್ವಾ ಪ್ಲಾಸ್ಟಿಕ್ ಅಂತ" ಎಂದು ಅವನು ಶುರುಮಾಡಿದ್ದರಿಂದ, "ಮುರಿ ನೋಡೋಣ" ಎಂದೆ. ಪೆಟ್ಟಾಗದ ಮೇಲಿನ ಪೈಪನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ಹತ್ತಿ ನಿಂತ. ಏನೂ ಆಗಲಿಲ್ಲ. ಲೇತಿನವನನ್ನೂ ಕರೆದು ಹತ್ತಿಸಿಕೊಂಡ. ಇಬ್ಬರೂ ಕುಣಿದರು. ಇಟ್ಟಿಗೆಯ ಒಂದು ಮೂಲೆ ಒಡೆಯಿತು, ಪೈಪು ಬಗ್ಗಲಿಲ್ಲ. ಅದರ ಗೋಡೆ ಎರಡು ಬಳೆ ಜೋಡಿಸಿದಷ್ಟೂ ದಪ್ಪವಿರಲಿಲ್ಲ. ಆಮೇಲೆ ಸಿಟ್ಟಿಗೆ ಸುತ್ತಿಗೆಯ ಚೂಪು ಕಡೆಯಿಂದ ಪಕ್ಕಕ್ಕೆ ಒಂದು ಬಿಟ್ಟ. ಚಿಟ್ ಎಂದು ಸಣ್ಣದೊಂದು ಬಿಳಿ ಗೆರೆ ಮೂಡಿತು. ಮತ್ತೆ ಇಟ್ಟಿಗೆಯ ಮೇಲಿಟ್ಟು ಒಬ್ಬನೇ ನಿಂತ, ಆ ಗೆರೆಯಲ್ಲಿ ಪೈಪು ಎರಡಾಯಿತು.

"ಪ್ಲಾಸ್ಟಿಕ್ ಅಲ್ಲ ಬಿಡಕ್ಕ" ಎಂದ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಹತ್ತು ಪಟ್ಟು ಗಟ್ಟಿ ಎಂದವರೂ ಗಾಜು ಎಂದವರೂ ಆ ಇಟ್ಟಿಗೆಗಳ ಮುಂದೆ ಇರಬೇಕಿತ್ತು. ತುಳಿದರೆ, ಹೇರಿದರೆ, ಎಳೆದರೆ ವರ್ಷಗಟ್ಟಲೆ ಜಗ್ಗದ ವಸ್ತು. ಪಕ್ಕದಿಂದ ಒಂದು ಚೂಪು ಏಟು ಬಿದ್ದರೆ ಮಾತ್ರ ಕತ್ತರಿ ಹಾಕಿದ ಬಟ್ಟೆ. ಕಬ್ಬಿಣ ಬಗ್ಗಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ, ಇದು ಹೊರಗೆ ನಗುತ್ತಲೇ ಇರುತ್ತದೆ. ಅದಕ್ಕೇ ಸುಳ್ಳು ಹೇಳುವವರಿಗೆ ಇದು ಅಷ್ಟು ಅನುಕೂಲ.

ಥರ್ಮಾಕೋಲ್ ಇದ್ದ ತುಂಡನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಸವೇಶ್ವರನಗರದ ಮೂರನೆಯ ಮಹಡಿ ಹತ್ತಿದೆ. ಗೋಡೆಯ ಕೊಕ್ಕೆಗಳಲ್ಲಿ ಆಗಲೇ ಇನ್ನೊಂದು ಸೈಕಲ್ಲು ತೂಗುತ್ತಿತ್ತು. ಅವನ ಗಾಜಿನ ಟೀಪಾಯಿಯ ಮೇಲೆ ತುಂಡನ್ನು ಇಟ್ಟೆ.

"ನಾನು ತಗೊಂಡಾಗ್ಲೂ ಹೀಗೇ ಇತ್ತು ಆಂಟಿ" ಎಂದ.

"ಹಾಗಾದ್ರೆ ಗೊತ್ತಿತ್ತು."

"ನೀವೇ ಅಷ್ಟೊತ್ತು ನೋಡಿ ತಗೊಂಡ್ರಲ್ಲ. ಆ ಜಾಗಾನೇ ಚೆನ್ನಾಗಿದೆ ಅಂದ್ರಿ."

"ಓದೋ ಹುಡುಗಿ ಅಂತ ಕಮ್ಮಿ ಮಾಡಿದ್ರಿ ಅಲ್ವಾ?" ಎಂದಷ್ಟೇ ಕೇಳಿದೆ. ಅವನು ಟೀಪಾಯಿ ನೋಡಿದ. ತುಂಡನ್ನು ಅಲ್ಲೇ ಬಿಟ್ಟು ಬಂದೆ. ಅವನ ಮನೆಗೆ ಬಂದವರು ಯಾರಾದರೂ ಅದೇನು ಎಂದು ಕೇಳಲಿ ಎಂಬ ಆಸೆ ಇತ್ತು. ಬಾಗಿಲು ಹಾಕಿದ ಕೂಡಲೇ ಕಸಕ್ಕೆ ಹಾಕಿರುತ್ತಾನೆ.

ಆಯ್ಕೆಯ ದಿನ ಮಗಳು ತನ್ನ ಹಳೆಯ ಅಲ್ಯುಮಿನಿಯಂ ಸೈಕಲ್ಲಿನಲ್ಲೇ ಹೋದಳು. ನಾನು ಮಾಗಡಿಯ ಆಚೆಗಿನ ಇಳಿಜಾರಿನ ಬುಡದಲ್ಲಿ, ಒಂದು ಎಳನೀರು ಗಾಡಿಯ ಪಕ್ಕ ನಿಂತಿದ್ದೆ. ಅಲ್ಲೊಂದು ಹಂಪ್ ಇತ್ತು, ಬಣ್ಣ ಬಳಿಯದ, ಹತ್ತಿರ ಬರುವ ತನಕ ಕಾಣದ ಹಂಪ್. ಮೇಲಿನಿಂದ ಅವಳು ತಲೆ ತಗ್ಗಿಸಿಕೊಂಡು, ಮೊಣಕೈ ಒಳಗೆಳೆದುಕೊಂಡು ಬಂದಳು. ನಿಧಾನ ಎಂಬ ಮಾತೇ ಇಲ್ಲ. ಹಂಪ್ ಮೇಲೆ ಎರಡೂ ಚಕ್ರ ನೆಲ ಬಿಟ್ಟವು, ಧಡ್ ಎಂದು ಇಳಿದವು, ಅವಳ ತೂಕವೆಲ್ಲ ಹ್ಯಾಂಡಲ್ಲಿನ ಬುಡಕ್ಕೆ ಬಂತು. ಸೈಕಲ್ಲು ಓಲಾಡಿತು, ನೆಟ್ಟಗಾಯಿತು, ತಿರುವಿನಲ್ಲಿ ಮರೆಯಾಯಿತು. ಎಳನೀರಿನವನು "ಏನಮ್ಮಾ, ಕೂತ್ಕೊಳಿ" ಎಂದು ಸ್ಟೂಲು ಕೊಟ್ಟ. ಕೂತುಕೊಂಡೆ.

ಅವಳು ತಂಡಕ್ಕೆ ಆಯ್ಕೆಯಾಗಲಿಲ್ಲ. ಏರಿನಲ್ಲಿ ಎರಡು ನಿಮಿಷ ಹಿಂದೆ ಬಿದ್ದಳು. ವಾಪಸು ಬರುವಾಗ ಟೆಂಪೋದಲ್ಲಿ ನನ್ನ ಹೆಗಲಿಗೆ ಒರಗಿ, "ಆ ಹಂಪ್ ನೋಡಿದ್ಯಾ ಅಮ್ಮ?" ಎಂದಳು. ನೋಡಿದೆ ಎಂದೆ. ಮತ್ತೆ ಆ ವಿಷಯ ಇಬ್ಬರೂ ಎತ್ತಿಲ್ಲ.

ಕತ್ತರಿಸಿದ ಸೈಕಲ್ಲಿನ ಚಕ್ರ, ಗೇರು, ಬ್ರೇಕು ಎಲ್ಲ ಚೆನ್ನಾಗಿದ್ದವು. ಆರು ತಿಂಗಳಾದ ಮೇಲೆ ಅವನ್ನು ಹಾಕಲು ಒಂದು ಬರೀ ಫ್ರೇಮು ಕೊಂಡೆ, ಅದೂ ಕಾರ್ಬನ್ನೇ. ಮಂಕು ಕಪ್ಪು ಬಣ್ಣ, ಚೌಕವಿಲ್ಲ, ಹೊಳಪಿಲ್ಲ, ನೋಡಿದರೆ ಚರಂಡಿಯ ಪೈಪು. ಮಾರಿದವನು ಐನೂರು ರೂಪಾಯಿ ಇಳಿಸಲೂ ಒದ್ದಾಡಿದ, ಅದು ನನಗೆ ಬಹಳ ಹಿಡಿಸಿತು. ಮೂರು ವರ್ಷವಾಯಿತು. ಕೆಂಗೇರಿಯ ಹತ್ತಿರ ಕೆಸರಿನಲ್ಲಿ ಒಂದು ಸಲ, ನಾಯಿ ಅಡ್ಡ ಬಂದು ಒಂದು ಸಲ ಬಿದ್ದಿದ್ದಾಳೆ. ಅವಳ ಮೊಣಕೈ ತರಚಿತು, ಫ್ರೇಮಿಗೆ ಏನೂ ಆಗಿಲ್ಲ. ಈಗಲೂ ಭಾನುವಾರ ಬೆಳಿಗ್ಗೆ ನಾಣ್ಯದ ಸದ್ದು ಕೇಳುತ್ತದೆ, ನಾನು ಅಡುಗೆಮನೆಯಲ್ಲಿ ಕೈ ನಿಲ್ಲಿಸಿ ಕೊನೆಯ ಟಕ್ ತನಕ ಕಾಯುತ್ತೇನೆ.

ನೀವು ಕೊಳ್ಳುವುದಿದ್ದರೆ ನನ್ನ ಮಾತು ಕೇಳಿ. ಕಾರ್ಬನ್ನನ್ನು ತಿರುವಿ ನೋಡಲಾಗದು ಎಂದು ನಾನು ನಂಬಿದ್ದು ತಪ್ಪು. ಸೀಟಿನ ಕಂಬವನ್ನು ಪೂರ್ತಿ ಎಳೆದು ತೆಗೆಸಿ, ಒಳಗೆ ಟಾರ್ಚ್ ಬಿಡಿ. ಬಾಟಲಿ ಸಿಕ್ಕಿಸುವ ಜಾಗದ ಸ್ಕ್ರೂ ಬಿಚ್ಚಿಸಿ, ನೀರಿನ ಪೈಪು ಕಟ್ಟಿಕೊಂಡರೆ ಒಳಗೆ ಬಿಟ್ಟು ನೋಡುವ ದಾರದಂಥ ಕ್ಯಾಮೆರಾ ಇರುತ್ತದಲ್ಲ, ಅದನ್ನು ಇಳಿಸಿ ಫೋನಿನಲ್ಲಿ ನೋಡಿ. ಒಳಗಡೆ ಚೆಂದವಿರಬೇಕಿಲ್ಲ, ಸುಕ್ಕು ಇದ್ದರೂ ಒಂದೇ ಸಮ ಇರಬೇಕು. ನಾಣ್ಯವನ್ನು ಮಾರುವವನ ಎದುರಿಗೇ ಬಡಿಯಿರಿ, ಪೈಪು ಕೂಡುವ ದಪ್ಪ ಜಾಗದಲ್ಲಿ ಸದ್ದು ಬದಲಾಗುವುದು ಸಹಜ, ನಟ್ಟನಡುವೆ ಬದಲಾದರೆ ಎದ್ದು ಬನ್ನಿ. ಸರಿಯಾಗಿ ರಿಪೇರಿಯಾದ ಫ್ರೇಮಿಗೆ ಹೆದರಬೇಡಿ, ರಿಪೇರಿ ಮಾಡಿದವರ ವಿಳಾಸ ಹೇಳದವನಿಗೆ ಹೆದರಿ. ತಂದ ಮೇಲೆ ಸ್ಕ್ರೂಗಳನ್ನು ಕೈಬಲ ತೋರಿಸಿ ಬಿಗಿಯಬೇಡಿ, ಎಷ್ಟು ಬಿಗಿಯಬೇಕೆಂದು ಅದರ ಪಕ್ಕದಲ್ಲೇ ಬರೆದಿರುತ್ತದೆ, ಅಳತೆಯ ಸ್ಪ್ಯಾನರ್ ಇರುವ ಅಂಗಡಿಯಲ್ಲೇ ಮಾಡಿಸಿ. ಹೊಸ ಕಿರ್ ಸದ್ದು ಬಂದರೆ ಅದು ಎಲ್ಲಿಂದ ಎಂದು ಗೊತ್ತಾಗುವ ತನಕ ಸೈಕಲ್ಲು ಗೋಡೆಗೆ ಒರಗಿರಲಿ. ಮತ್ತೆ, ಚೌಕಾಸಿ ಮಾಡುವಾಗ ನೀವು ಯಾವುದೋ ಒಂದು ಜಾಗದ ಮೇಲೆ ಬೆರಳಿಟ್ಟ ಕೂಡಲೇ ಎದುರಿನವನು ತಾನಾಗಿ ಹತ್ತು ಸಾವಿರ ಇಳಿಸಿದರೆ, ಬೆರಳನ್ನು ಅಲ್ಲೇ ಇಟ್ಟುಕೊಂಡು ಉಗುರಿನಿಂದ ಒಂದು ಸಲ ಬಡಿಯಿರಿ.